ಮಾತೃಭಾಷೆ ಕಾಲಮ್ಮಿನಲ್ಲಿ ಏನು ಬರೆಸೋಣ?

 ಆಡಿದ ಮಾತನ್ನೇ ಸ್ಮರಣ ಸಂಚಿಕೆಗೆ ಬರೆದು ಕೊಡು ಅಂತ ಸಂಘದವರು ಹೇಳಿದ್ದಾರೆ. 

ನಾನು ಬಿ.ಎ. ಓದುತ್ತಿರುವ ಹುಡುಗಿ. "ನಮ್ಮ ಊರು, ನಮ್ಮ ಜನ" ಅನ್ನೋ ವಿಷಯ ಕೊಟ್ಟಿದ್ದಾರೆ. ನಾರಾಯಣಪೇಟೆ ಬಗ್ಗೆ ಯಾರು ಭಾಷಣ ಮಾಡಿದರೂ ಮೊದಲು ಸೀರೆ ಬರ್ತದೆ, ಆಮೇಲೆ ಚಿನ್ನ ಬರ್ತದೆ, ಮೂರನೇದು "ಇಲ್ಲಿ ನಾಲ್ಕೈದು ಭಾಷೆ ಮಾತಾಡ್ತಾರೆ, ಎಷ್ಟು ಚಂದ ಕೂಡಿ ಬಾಳ್ತಾರೆ" ಅನ್ನೋದು ಬರ್ತದೆ. ಸೀರೆಗೆ ಜಿಐ ಗುರುತು ಸಿಕ್ಕಿದೆ, ಅದು ನಿಜ. ಶಿವಾಜಿ ಮಹಾರಾಜರ ದಂಡಿನ ಜೊತೆ ಬಂದ ನೇಕಾರರು ಇಲ್ಲೇ ಉಳಿದರು ಅಂತ ಊರಲ್ಲಿ ಕಥೆ ಹೇಳ್ತಾರೆ. ಕಥೆ ಏನೇ ಇರಲಿ, ಇವತ್ತಿಗೂ ಮಗ್ಗದ ಮನೆಗಳ ಕಡೆ ಹೋದರೆ ಮರಾಠಿ ಕೇಳಿಸ್ತದೆ. ಅಂಗಡಿ ಸಾಲಿನಲ್ಲಿ ಲಿಂಗಾಯತರ ಕನ್ನಡ, ಮೊಹಲ್ಲಾದಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಡಿ, ಎಲ್ಲ ಕಡೆ ತೆಲುಗು. ಇದರಲ್ಲಿ ಸುಳ್ಳೇನಿಲ್ಲ. ಆದರೆ ಯಾರ ಭಾಷೆಯನ್ನು ಯಾರು ಕಲಿತರು ಅನ್ನೋದನ್ನ ಮಾತ್ರ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮ ಆಯಿ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಹಸನು ಮಾಡಿ ಬದುಕಿದವಳು. ತೊಗರಿಗೆ ಅವಳ ಬಾಯಲ್ಲಿ ಹೆಸರು ಒಂದಲ್ಲ. ಮನೆಯಲ್ಲಿ ತೊಗರಿ, ರೈತರ ಹತ್ತಿರ ಕಂದುಲು, ಅಡತಿ ಸಾಹುಕಾರನ ಹತ್ತಿರ ತೂರ್, ಲಾರಿಯವನ ಹತ್ತಿರ ತುವರ್. ಒಂದೇ ಕಾಳು. ಯಾರ ಮುಂದೆ ನಿಂತಿದ್ದಾಳೋ ಅವರ ಮಾತಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಕೂಲಿ ಲೆಕ್ಕದಲ್ಲಿ ಮೋಸ ಆಗ್ತದೆ. ಅಕ್ಷರ ಬರದ ಹೆಂಗಸು ನಾಲ್ಕು ಭಾಷೆಯಲ್ಲಿ ಲೆಕ್ಕ ಹಾಕ್ತಿದ್ದಳು. ಸಾಹುಕಾರ ಅವಳ ಭಾಷೆ ಕಲಿಯಬೇಕಾದ ಅಗತ್ಯ ಬರಲೇ ಇಲ್ಲ. ಕೂಲಿ ಕೊಡೋನು ತನ್ನ ಭಾಷೆಯಲ್ಲಿ ಇರ್ತಾನೆ, ಕೂಲಿ ಕೇಳೋಳು ಅವನ ಭಾಷೆಗೆ ಹೋಗಬೇಕು.

ಇನ್ನೊಂದು ಮಾತು. ನಾಲ್ಕು ಭಾಷೆಯವರೂ ನಮ್ಮ ಆಯಿಯನ್ನು ಹೆಂಗೆ ಕರೀತಿದ್ದರು? ಕನ್ನಡದವರು "ಏನೇ" ಅಂದರು, ತೆಲುಗಿನವರು "ಏಮೇ" ಅಂದರು, ಉರ್ದುವಿನವರು "ತೂ" ಅಂದರು, ಮರಾಠಿಯವರೂ "ತೂ" ಅಂದರು. ಬಹುವಚನ ಇರೋ ಭಾಷೆಗಳೇ ಎಲ್ಲ. ಕನ್ನಡದಲ್ಲಿ ನೀವು ಇದೆ, ತೆಲುಗಿನಲ್ಲಿ ಮೀರು ಇದೆ, ಉರ್ದುವಿನಲ್ಲಿ ಆಪ್ ಇದೆ, ಮರಾಠಿಯಲ್ಲಿ ತುಮ್ಹಿ ಇದೆ. ಅವಳ ತನಕ ಒಂದೂ ಬರಲಿಲ್ಲ. ಅವಳು ತಿರುಗಿ ಹೇಳುವಾಗ ಮಾತ್ರ ದಣಿ, ದೊರ, ಸಾಬ್, ಮಾಲಕ್. ಕೂಡಿ ಬಾಳುವ ಊರು ಅಂತ ಹೊಗಳುವವರು ಈ ಏಕವಚನದ ಲೆಕ್ಕವನ್ನೂ ಒಂದು ಸಲ ಹಾಕಲಿ.

ಹಳೆಯ ದುಡಿಮೆಯ ಮಾತುಗಳನ್ನೇ ನೋಡ್ರಿ. ಕೂಲಿ ಕೊಡದೆ ಮಾಡಿಸುವ ಕೆಲಸಕ್ಕೆ ಕನ್ನಡದಲ್ಲಿ ಬಿಟ್ಟಿ, ತೆಲುಗಿನಲ್ಲಿ ವೆಟ್ಟಿ, ಉರ್ದುವಿನಲ್ಲಿ ಬೇಗಾರ್, ಮರಾಠಿಯಲ್ಲಿ ವೇಠ್. ನಮಗೆ ಕೊಡಬೇಕಾದ ಗೌರವದ ಮಾತು ಒಂದು ಭಾಷೆಯಿಂದಲೂ ಬರಲಿಲ್ಲ, ಪುಕ್ಕಟೆ ದುಡಿಸುವ ಮಾತು ನಾಲ್ಕರಿಂದಲೂ ಬಂತು! ನಿಜಾಮನ ಕಾಲದಲ್ಲಿ ಸಾಲಕ್ಕೆ ಸಿಕ್ಕಿಕೊಂಡು ಹೊಲದಲ್ಲಿ ದುಡಿಯುವವನಿಗೆ ಭಗೇಲಾ ಅಂತಿದ್ದರು. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂತಲ್ಲ, ಅದರಲ್ಲಿ ದೇಶದ ಬೇರೆ ಬೇರೆ ಕಡೆ ಜೀತಕ್ಕೆ ಇದ್ದ ಹೆಸರುಗಳ ಉದ್ದನೆ ಪಟ್ಟಿ ಇದೆ. ಅದರಲ್ಲಿ ಭಗೇಲಾ ಇದೆ, ಜೀತ ಇದೆ, ವೆಟ್ಟಿ ಇದೆ. ಇನ್ನೊಂದು ಹೆಸರೂ ಇದೆ: ಹೊಲ್ಯ. ಅಂದರೆ ನಮ್ಮ ಜಾತಿಯ ಹೆಸರೇ ಕಾಯ್ದೆ ಪುಸ್ತಕದಲ್ಲಿ ಜೀತದ ಒಂದು ಬಗೆ ಅಂತ ಅಚ್ಚಾಗಿದೆ. ಮೊದಲ ಸಲ ಲೈಬ್ರರಿಯಲ್ಲಿ ಅದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಂಗೇ ಕೂತಿದ್ದೆ. ತೆಲಂಗಾಣದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಬ್ಯಾಗರ ಅನ್ನೋ ಹೆಸರಿದೆ. ಅದರೊಳಗೂ ಬೇಗಾರ್ ಅನ್ನೋ ಮಾತಿನ ಸದ್ದು ನನಗೆ ಕೇಳಿಸ್ತದೆ.

ಇನ್ನು ಗಡಿಯ ವಿಷಯ. ಇದು ಹಿರಿಯರಿಗೆ ಗೊತ್ತು, ನಮ್ಮ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿಲ್ಲ. 1956ರ ನವೆಂಬರ್ 1ರ ತನಕ ಗದ್ವಾಲ ರಾಯಚೂರು ಜಿಲ್ಲೆಯ ತಾಲ್ಲೂಕು. ಆಲಂಪುರವೂ ಹಂಗೇ. ಕೊಡಂಗಲ್, ತಾಂಡೂರು ಗುಲ್ಬರ್ಗ ಜಿಲ್ಲೆಯವು. ಹೈದರಾಬಾದ್ ರಾಜ್ಯವನ್ನು ಭಾಷೆ ನೋಡಿ ಮೂರು ಪಾಲು ಮಾಡಿದಾಗ ರಾಯಚೂರು ಮೈಸೂರಿಗೆ ಹೋಯಿತು, ಗದ್ವಾಲ, ಆಲಂಪುರ ಆಂಧ್ರಕ್ಕೆ ಬಂದವು. ನಮ್ಮ ಮಕ್ತಲ್ ಸೀಮೆ ಆ ಹೊತ್ತಿಗೆ ಮಹಬೂಬ್‌ನಗರ ಜಿಲ್ಲೆಯಲ್ಲೇ ಇತ್ತು. ಗದ್ವಾಲಿಗೂ ರಾಯಚೂರಿಗೂ ನಡುವೆ ಹೊಳೆ ಕೂಡ ಇಲ್ಲ, ಎರಡೂ ಕೃಷ್ಣೆ ತುಂಗಭದ್ರೆಯ ನಡುವಿನ ಅದೇ ಕಪ್ಪು ನೆಲ. ಹೊಲದ ಬದು ರಾಜ್ಯದ ಗಡಿ ಆಯಿತು. ಕೃಷ್ಣೆಯ ಈ ದಂಡೆಯಲ್ಲಿ ಕೃಷ್ಣಾ ಮಂಡಲದ ಹಳ್ಳಿಗಳು ಕನ್ನಡ ಮಾತಾಡುತ್ತ ಈ ಕಡೆ ಉಳಿದವು. ಸೇತುವೆ ದಾಟಿದರೆ ರಾಯಚೂರು ಜಿಲ್ಲೆ.

ಬಾಬಾಸಾಹೇಬರು 1955ರಲ್ಲೇ ಭಾಷಾವಾರು ರಾಜ್ಯಗಳ ಬಗ್ಗೆ ಒಂದು ಪುಸ್ತಕ ಬರೆದರು. ಹೈದರಾಬಾದನ್ನು ದೇಶದ ಎರಡನೇ ರಾಜಧಾನಿ ಮಾಡಬೇಕು ಅಂತ ಅವರು ಹೇಳಿದ್ದು ಅದರಲ್ಲೇ. ಆ ಮಾತು ಪತ್ರಿಕೆಗಳಲ್ಲಿ ಆಗಾಗ ಬರ್ತದೆ, ಆದರೆ ಅದೇ ಪುಸ್ತಕದ ಇನ್ನೊಂದು ಚಿಂತೆ ನಮಗೆ ಹೆಚ್ಚು ಬೇಕಾದದ್ದು. ಭಾಷೆಯ ಹೆಸರಲ್ಲಿ ರಾಜ್ಯ ಮಾಡಿದರೆ ಅಲ್ಲಿ ಭೂಮಿ ಇರುವ ಒಂದೆರಡು ದೊಡ್ಡ ಜಾತಿಗಳ ಕೈಗೆ ಅಧಿಕಾರ ಹೋಗ್ತದೆ, ಅವರ ನಡುವೆ ಚದುರಿರುವ ನಮ್ಮ ಜನರ ಗತಿ ಏನು ಅಂತ ಅವರು ಕೇಳಿದರು. ನಮ್ಮ ಪ್ರಾಂತದ ಮಟ್ಟಿಗೆ ಆ ಪ್ರಶ್ನೆ ಇನ್ನೂ ಹಳೇದಾಗಿಲ್ಲ.

ಗಡಿ ಎಲ್ಲರಿಗೂ ಒಂದೇ ಅಂತ ನೀವು ಅನ್ನಬಹುದು. ಅಲ್ಲ. ಎರಡೂ ಕಡೆ ಹೊಲ ಇರುವವನಿಗೆ, ಎರಡೂ ಊರಲ್ಲಿ ಅಂಗಡಿ ಇರುವವನಿಗೆ ಗಡಿಯಿಂದ ಲಾಭವೇ. ಕಾಗದ ನಂಬಿ ಬದುಕುವವರಿಗೆ ಗಡಿ ಅಂದರೆ ಗೋಡೆ.

ನಮ್ಮಲ್ಲಿ ಸಂಬಂಧ ಬೆಳೆಸೋದು ರಾಜ್ಯ ನೋಡಿ ಅಲ್ಲ. ಗುರುಮಠಕಲ್, ಸೈದಾಪುರ, ಯಾದಗಿರಿ, ರಾಯಚೂರು ಕಡೆ ಹೆಣ್ಣು ಕೊಡ್ತಾರೆ, ಅಲ್ಲಿಂದ ತರ್ತಾರೆ. ನಮ್ಮ ಅವ್ವ ಕೃಷ್ಣಾ ಮಂಡಲದವಳು, ಆಯಿ ಯಾದಗಿರಿ ಕಡೆಯವಳು. ನಮ್ಮ ಚಿಗವ್ವನ ಮಗಳನ್ನು ಹೊಳೆಯ ಆಚೆ ಕೊಟ್ಟರು. ಹತ್ತನೇ ತರಗತಿ ಪಾಸಾದವಳು. ಅಲ್ಲಿ ಒಂದು ಸಣ್ಣ ಕೆಲಸಕ್ಕೆ ಅರ್ಜಿ ಹಾಕೋಕೆ ಹೋದರೆ ಕಚೇರಿಯಲ್ಲಿ, "ನಿಮ್ಮ ಜಾತಿ ಸರ್ಟಿಫಿಕೇಟು ತೆಲಂಗಾಣದ್ದು, ಇಲ್ಲಿ ನಡೆಯಲ್ಲ, ಜನರಲ್‌ನಲ್ಲಿ ಹಾಕಿರಿ" ಅಂದರಂತೆ. ಕೇರಿಯಿಂದ ಕೇರಿಗೆ ಹೋದಳು. ಆಚೆ ಕಡೆಯ ಬಾವಿಯ ಹತ್ತಿರ ಅವಳ ಜಾತಿ ಎಲ್ಲರಿಗೂ ಗೊತ್ತು, ಕಚೇರಿ ಟೇಬಲ್ಲಿನ ಮೇಲೆ ಮಾತ್ರ ಗೊತ್ತಿಲ್ಲ.

ಇದು ಯಾರೋ ಒಬ್ಬ ಗುಮಾಸ್ತನ ಹಟ ಅಲ್ಲ, ಕಾನೂನೇ ಹಂಗಿದೆ. ಒಂದು ರಾಜ್ಯದ ಪರಿಶಿಷ್ಟ ಜಾತಿಯವರು ಇನ್ನೊಂದು ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿನ ಮೀಸಲಾತಿ ಸಿಗೋದಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಮದುವೆಯಾಗಿ ಹೋದ ಹೆಣ್ಣುಮಗಳಿಗೂ ಅದೇ ನಿಯಮ ಅಂತ 2018ರಲ್ಲಿ ಮತ್ತೆ ಹೇಳಿತು. ಗಂಡಸು ಹುಟ್ಟಿದ ಊರಲ್ಲೇ ಇರ್ತಾನೆ, ಊರು ಬಿಡೋಳು ಹೆಣ್ಣು. ಅಂದಮೇಲೆ ಗಡಿಯಲ್ಲಿ ಮೀಸಲಾತಿ ಕಳ್ಕೊಳ್ಳೋರು ಹೆಚ್ಚಾಗಿ ನಮ್ಮ ಅಕ್ಕತಂಗಿಯರೇ. ನನಗೂ ಆಚೆ ಕಡೆಯಿಂದ ಸಂಬಂಧ ಕೇಳ್ತಾ ಇದ್ದಾರೆ. ನಾನು ಹುಡುಗನ ಬಗ್ಗೆ ವಿಚಾರಿಸೋಕೆ ಮುಂಚೆ ಜಿಲ್ಲೆ ಯಾವುದು ಅಂತ ವಿಚಾರಿಸ್ತೇನೆ. ನಗಬೇಡಿ.

ಬಸ್ಸಿನ ವಿಷಯವೂ ಅಷ್ಟೇ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ, ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರ್‌ನಿಂದ ಮಹಾಲಕ್ಷ್ಮಿ, ಎರಡೂ ಕಡೆ ಹೆಂಗಸರಿಗೆ ಬಸ್ ಉಚಿತ. ಆದರೆ ಆಯಾ ರಾಜ್ಯದ ಗುರುತಿನ ಚೀಟಿ ಇರಬೇಕು. ನಮ್ಮ ಅವ್ವ ತನ್ನ ಅಕ್ಕನನ್ನು ನೋಡೋಕೆ ಯಾದಗಿರಿಗೆ ಹೋದರೆ ಗಡಿ ತನಕ ಜೀರೋ ಟಿಕೆಟ್, ಅಲ್ಲಿಂದ ಮುಂದೆ ದುಡ್ಡು. ದೊಡ್ಡವ್ವ ಈ ಕಡೆ ಬಂದರೂ ಅದೇ ಕಥೆ. ರೈಲು ವಾಸಿ. ಮಕ್ತಲ್ ಮೇಲಿಂದ ಕೃಷ್ಣಾ ತನಕ ಹೊಸ ಹಳಿ 2023ರ ಅಕ್ಟೋಬರ್ 1ರಂದು ಶುರುವಾದ ಮೇಲೆ ಕಾಚಿಗುಡದಿಂದ ರಾಯಚೂರಿಗೆ ಈ ಕಡೆಯಿಂದಲೇ ಗಾಡಿ ಹೋಗ್ತದೆ. ಅದರಲ್ಲಿ ಎಲ್ಲರಿಗೂ ಒಂದೇ ಟಿಕೆಟ್.

ಓದಿನ ವಿಷಯಕ್ಕೆ ಬರ್ತೇನೆ, ಇದನ್ನು ತಮ್ಮಂದಿರು ಸರಿಯಾಗಿ ಕೇಳಬೇಕು. ತೆಲಂಗಾಣದ ಸರ್ಕಾರಿ ನೇಮಕದಲ್ಲಿ ನೂರಕ್ಕೆ 95 ಹುದ್ದೆ ಸ್ಥಳೀಯರಿಗೆ. ಸ್ಥಳೀಯರು ಯಾರು ಅಂತ ನೋಡೋಕೆ ಒಂದರಿಂದ ಏಳನೇ ತರಗತಿ ತನಕ ಎಲ್ಲಿ ಓದಿದ್ದೀರಿ ಅಂತ ಕೇಳ್ತಾರೆ. ಈಗ ಯೋಚನೆ ಮಾಡಿ. ಪಾಲಮೂರು ಲೇಬರ್ ಅಂತ ದೇಶಕ್ಕೆಲ್ಲ ಹೆಸರಾದವರು ನಾವು. ಮೇಸ್ತ್ರಿಯ ಹತ್ತಿರ ಮುಂಗಡ ತಗೊಂಡು ಮುಂಬಯಿ, ಪುಣೆ, ಬೆಂಗಳೂರಿಗೆ ಹೋಗೋರು. ಮಕ್ಕಳನ್ನು ಯಾರ ಹತ್ತಿರ ಬಿಡ್ತಾರೆ? ಕೆಲವರು ಜೊತೆಗೆ ಕರ್ಕೊಂಡು ಹೋಗ್ತಾರೆ, ಕೆಲವರು ರಾಯಚೂರಿನ ಅಜ್ಜಿ ಮನೆಯಲ್ಲಿ ಬಿಡ್ತಾರೆ. ಆ ಮಗು ಎರಡು ವರ್ಷ ಇಲ್ಲಿ, ಮೂರು ವರ್ಷ ಅಲ್ಲಿ, ಎರಡು ವರ್ಷ ಮುಂಬಯಿಯಲ್ಲಿ ಓದ್ತದೆ. ನಾಲ್ಕು ಭಾಷೆ ಕಲೀತದೆ. ಇಪ್ಪತ್ತೆರಡನೇ ವಯಸ್ಸಿಗೆ ಅರ್ಜಿ ಹಾಕುವಾಗ ಯಾವ ಊರಿಗೂ ಸ್ಥಳೀಯ ಅಲ್ಲ. ಆಚೆ ಹೋಗಿ ಕೇಳೋಣ ಅಂದರೆ ಕಲ್ಯಾಣ ಕರ್ನಾಟಕದ 371(ಜೆ) ಅಲ್ಲಿನವರಿಗೆ ಮಾತ್ರ. ಭಾಷೆ ಹೆಚ್ಚು ಬಂದಷ್ಟೂ ಕಾಗದ ಕಡಿಮೆ ಆಗ್ತದೆ, ಇದು ನಮ್ಮ ಕೇರಿಯ ಲೆಕ್ಕ. ಮುಂದಿನ ವರ್ಷ ದುಡಿಯೋಕೆ ಹೋಗುವ ಮನೆಯವರಿಗೆ ನಾನು ಕೈ ಮುಗಿದು ಹೇಳೋದು: ಮಕ್ಕಳ ಬೋನಫೈಡ್ ಸರ್ಟಿಫಿಕೇಟನ್ನು ಪ್ರತಿ ಶಾಲೆಯಿಂದ, ಪ್ರತಿ ವರ್ಷ ತಗೊಂಡು ಟ್ರಂಕಿನಲ್ಲಿ ಇಡಿ. ಶಾಲೆ ಮುಚ್ಚಿಹೋದ ಮೇಲೆ ಅದಕ್ಕಾಗಿ ಅಲೆದವರು ಈ ಸಭೆಯಲ್ಲೇ ಇದ್ದಾರೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಜನಗಣತಿ ಬರ್ತಾ ಇದೆ. 2011ರಲ್ಲಿ ಎಣಿಸಿದ್ದೇ ಕೊನೆ, 2021ರದ್ದು ಕೊರೊನಾದಿಂದ ನಿಂತುಹೋಯಿತು. ಈಗ 2027ರ ಮಾರ್ಚ್ 1ಕ್ಕೆ ದೇಶದಲ್ಲಿ ಎಷ್ಟು ಜನ ಅಂತ ಎಣಿಸ್ತಾರೆ, ಈ ಸಲ ಎಲ್ಲ ಜಾತಿಗಳನ್ನೂ ಬರ್ಕೊಳ್ತಾರೆ. 2011ರಲ್ಲಿ ತೆಲಂಗಾಣ ರಾಜ್ಯ ಇರಲಿಲ್ಲ, ನಾರಾಯಣಪೇಟೆ ಜಿಲ್ಲೆ ಇರಲಿಲ್ಲ. ರಾಜ್ಯ ಬಂದದ್ದು 2014ರಲ್ಲಿ, ಗದ್ವಾಲ ಜಿಲ್ಲೆಯಾದದ್ದು 2016ರಲ್ಲಿ, ನಮ್ಮದು 2019ರ ಫೆಬ್ರವರಿ 17ರಂದು. ಹಳೆ ಲೆಕ್ಕವನ್ನು ಕತ್ತರಿಸಿ ಹೊಸ ಜಿಲ್ಲೆಗೆ ಅಂಟಿಸಿದಾಗ 5.6 ಲಕ್ಷಕ್ಕೂ ಮೇಲೆ ಜನ ಬರ್ತಾರೆ, ಪೇಟೆಯೊಳಗೆ 40 ಸಾವಿರದ ಮೇಲೆ. ಓದು ಬರಹ ಬಲ್ಲವರು ಸುಮಾರು ಅರ್ಧ. ಅಂದರೆ ನಮ್ಮ ಜಿಲ್ಲೆಯನ್ನು ಜಿಲ್ಲೆ ಅಂತ ಎಣಿಸೋದು ಇದೇ ಮೊದಲು.

2011ರ ಫಾರಮ್ಮಿನಲ್ಲಿ ಪರಿಶಿಷ್ಟ ಜಾತಿಯ ಹೆಸರು ಬರೆಯುವ ಕಾಲಂ ಇತ್ತು, ಮಾತೃಭಾಷೆಯ ಕಾಲಂ ಇತ್ತು. ಅದಾದ ಮೇಲೆ ಬೇರೆ ಯಾವ ಭಾಷೆ ಬರ್ತದೆ ಅಂತ, ಎರಡಕ್ಕೆ ಮಾತ್ರ ಜಾಗ. ನಮ್ಮ ಆಯಿಯ ನಾಲ್ಕನೇ ಭಾಷೆಗೆ ಸರ್ಕಾರದ ಹತ್ತಿರ ಜಾಗವೇ ಇರಲಿಲ್ಲ. ಎಣಿಸುವವರಿಗೆ ಕೊಟ್ಟ ಸೂಚನೆಗಳನ್ನು ನಾನು ಓದಿದ್ದೇನೆ, ಅವು ಚೆನ್ನಾಗಿಯೇ ಇವೆ. ಮಾತೃಭಾಷೆ ಅಂದರೆ ಚಿಕ್ಕಂದಿನಲ್ಲಿ ತಾಯಿ ಮಗುವಿನ ಜೊತೆ ಆಡಿದ ಭಾಷೆ. ರಾಜ್ಯದ ಭಾಷೆ ಅಲ್ಲ, ಶಾಲೆಯ ಭಾಷೆ ಅಲ್ಲ, ಅಪ್ಪನ ಭಾಷೆಯೂ ಅಲ್ಲ. ಒಂದು ಮನೆಯವರೆಲ್ಲರ ಮಾತೃಭಾಷೆ ಒಂದೇ ಇರಬೇಕು ಅಂತಿಲ್ಲ, ಒಬ್ಬೊಬ್ಬರದ್ದೂ ಕೇಳಿ ಬರೆಯಬೇಕು. ಇನ್ನು ಬೇರೆ ಭಾಷೆ ಬರ್ತದೆ ಅನ್ನೋಕೆ ಓದೋಕೆ ಬರೆಯೋಕೆ ಬರಬೇಕಾಗಿಲ್ಲ, ಮಾತಾಡಿ ತಿಳ್ಕೊಂಡರೆ ಸಾಕು.

ಆದರೆ ಕೇರಿಯಲ್ಲಿ ನಡೆಯೋದು ಏನು? ಬಂದವರು ಮನೆ ಯಜಮಾನನನ್ನು ಕೇಳ್ತಾರೆ, ಅಥವಾ ಕೇಳದೆಯೇ ಎಲ್ಲರಿಗೂ ತೆಲುಗು ಅಂತ ಬರೀತಾರೆ. ಆಯಿಗೆ "ನಿನಗೆ ಯಾವ ಯಾವ ಭಾಷೆ ಬರ್ತದೆ" ಅಂತ ಕೇಳಿ ನೋಡಿ. "ನನಗೇನು ಬರ್ತದವ್ವಾ, ನಾನೇನು ಸಾಲಿ ಕಲ್ತೀನೇನು" ಅಂತಾಳೆ. ನಾಲ್ಕು ಭಾಷೆಯಲ್ಲಿ ಜಗಳ ಆಡಿ ಕೂಲಿ ವಸೂಲಿ ಮಾಡಿದವಳು!

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ವ್ಯವಸ್ಥೆ ಮಾಡಿ ಅಂತ ರಾಜ್ಯಗಳಿಗೆ ಹೇಳ್ತದೆ. ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಮೇಷ್ಟ್ರನ್ನು ಕೊಡಬೇಕು ಅಂತ 1949ರಷ್ಟು ಹಿಂದೆಯೇ ತೀರ್ಮಾನ ಆಗಿದೆ. ಒಂದು ಪ್ರದೇಶದಲ್ಲಿ ನೂರಕ್ಕೆ 15 ಜನ ಒಂದು ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಇರಬೇಕು ಅನ್ನೋ ಒಪ್ಪಂದ ಇದೆ. ಎಲ್ಲ ನಿಂತಿರೋದು ತಲೆ ಎಣಿಕೆ ಮೇಲೆ. ಕೃಷ್ಣಾ ಮಂಡಲದ ಕನ್ನಡ ಶಾಲೆಗಳಲ್ಲಿ ಕೂತಿರುವ ಮಕ್ಕಳು ಯಾರು? ಅನುಕೂಲಸ್ಥರ ಮಕ್ಕಳು ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತಿದ್ದಾರೆ. ಉಳಿದವರು ನಮ್ಮವರು. ಕನ್ನಡ ಉಳಿಸಿ ಅಂತ ಶಾಲು ಹೊದ್ದುಕೊಂಡು ಮಾತಾಡುವವರು ಬೇರೆ ಇರ್ತಾರೆ, ಕನ್ನಡ ಶಾಲೆಯ ಹಾಜರಿ ಪುಸ್ತಕ ತುಂಬಿಸೋದು ನಮ್ಮ ಕೇರಿ.

ಹಂಗಂತ ಕನ್ನಡ ಅಂತಲೇ ಬರೆಸಿ ಅಂತ ನಾನು ಹೇಳೋದಿಲ್ಲ. ತೆಲುಗು ನಮ್ಮ ಅಪ್ಪನ ಭಾಷೆ, ಹಲಗೆ ಬಾರಿಸಿ ಎದ್ದು ನಿಲ್ಲಿಸಿದ ಹಾಡಿನ ಭಾಷೆ. ನಮಗೆ ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲಿಷ್ ಬೇಡ, ತಾಯಿನುಡಿಯಲ್ಲೇ ಇರಿ ಅಂತ ನಮಗೆ ಬುದ್ಧಿ ಹೇಳುವವರ ಮಕ್ಕಳು ಎಲ್ಲಿ ಓದ್ತಾರೆ ಅಂತ ಮೊದಲು ಕೇಳಿ. ನಾನು ಹೇಳೋದು ಇಷ್ಟೇ: ನಿಮ್ಮ ತಾಯಿ ಯಾವ ಭಾಷೆಯಲ್ಲಿ ಬೈದಳೋ ಅದನ್ನು ಬರೆಸಿ. ತಾಂಡಾದ ಅಣ್ಣಂದಿರು ಲಂಬಾಡಿ ಅಂತಲೇ ಬರೆಸಲಿ. ಅದನ್ನು ಕೊನೆಗೆ ಹಿಂದಿಯ ಲೆಕ್ಕಕ್ಕೆ ಸೇರಿಸ್ತಾರೆ, ಆದರೂ ಲಂಬಾಡಿ ಆಡುವವರು ಎಷ್ಟು ಅನ್ನೋ ಸಾಲು ಒಳಗೆ ಉಳೀತದೆ.

ಜಾತಿ ಹೆಸರಿನ ಬಗ್ಗೆಯೂ ಇದೇ ಎಚ್ಚರ ಬೇಕು. ನಮ್ಮ ರಾಜ್ಯದ ಪಟ್ಟಿಯಲ್ಲಿ 59 ಹೆಸರುಗಳಿವೆ. ಅದರಲ್ಲಿ ಮಾಲ ಇದೆ, ಹೊಲೆಯ ಇದೆ, ಮಹಾರ್ ಇದೆ, ಮಾದಿಗ, ಸಮಗಾರ, ಚಲವಾದಿ ಎಲ್ಲ ಇವೆ. ಪಟ್ಟಿಯೇ ಬಹುಭಾಷೆಯದು. 2025ರ ಏಪ್ರಿಲ್ 14ರಿಂದ ಅವನ್ನು ಮೂರು ಗುಂಪು ಮಾಡಿ 1, 9, 5 ಅಂತ ಶೇಕಡಾವಾರು ಹಂಚಿದ್ದಾರೆ. ಅಣ್ಣನ ಕಾಗದದಲ್ಲಿ ಒಂದು ಹೆಸರು, ತಂಗಿಯ ಕಾಗದದಲ್ಲಿ ಇನ್ನೊಂದು ಇರುವ ಮನೆಗಳು ಗಡಿ ಊರುಗಳಲ್ಲಿ ಇವೆ. ಜನಗಣತಿಯವರು ಬರೋಕೆ ಮುಂಚೆ ಮನೆಯವರೆಲ್ಲ ಕೂತು ಕಾಗದ ತೆಗೆದು ನೋಡಿ.

ಸಂಘದಿಂದ ಒಂದು ಕೆಲಸ ಹಮ್ಮಿಕೊಂಡಿದ್ದೇವೆ. ಎಣಿಕೆ ಶುರುವಾಗುವ ಮುಂಚೆ ಪೇಟೆಯ ಕೇರಿಗಳಿಗೆ, ಮಕ್ತಲ್, ಮಾಗನೂರು, ಕೃಷ್ಣಾ ಮಂಡಲದ ಹಳ್ಳಿಗಳಿಗೆ ಇಬ್ಬಿಬ್ಬರು ಹೋಗಿ ಈ ಎರಡು ಕಾಲಮ್ಮುಗಳ ಬಗ್ಗೆ ಮನೆ ಮನೆಯಲ್ಲಿ ಹೇಳಿ ಬರೋದು. ಹೆಂಗಸರಿಗೆ ಹೇಳಬೇಕು, ಯಜಮಾನರಿಗೆ ಮಾತ್ರ ಅಲ್ಲ. ಮುಂಬಯಿಗೆ ಹೋದವರಿಗೆ ಫೋನ್ ಮಾಡಿ, ಅಲ್ಲೇ ಇದ್ದರೂ ನಿಮ್ಮ ಭಾಷೆ, ನಿಮ್ಮ ಜಾತಿ ಸರಿಯಾಗಿ ಬರೆಸಿ ಅಂತ ತಿಳಿಸೋದು. ಗದ್ವಾಲ ಕಡೆಗೆ ಹೋಗೋಕೆ ಮೂರು ಜನ ಸಿಕ್ಕಿದ್ದಾರೆ. ಕೃಷ್ಣಾ ಮಂಡಲಕ್ಕೆ ಕನ್ನಡ ಚೆನ್ನಾಗಿ ಬರುವ ನಾಲ್ವರು ಬೇಕು, ಅದರಲ್ಲಿ ಇಬ್ಬರಾದರೂ ಹುಡುಗಿಯರು ಇದ್ದರೆ ಒಳ್ಳೇದು. ತಾಂಡಾಗಳಿಗೆ ಲಂಬಾಡಿ ಬರುವವರು ಒಬ್ಬರೂ ಇನ್ನೂ ಸಿಕ್ಕಿಲ್ಲ. ರೈಲಿನ ಟಿಕೆಟ್ಟು ಸಂಘದ್ದು, ಊಟ ಕೇರಿಯವರದ್ದು. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನೋಟ್‌ಬುಕ್ ಇಟ್ಕೊಂಡು ಕೂತಿರ್ತೇನೆ, ಹೆಸರು ಬರೆಸಿ. ಎಷ್ಟು ಭಾಷೆ ಬರ್ತವೆ ಅನ್ನೋದನ್ನೂ ಬರೆಸಿ. ನನ್ನ ನೋಟ್‌ಬುಕ್ಕಿನಲ್ಲಿ ಜಾಗ ಬಹಳ ಇದೆ.

ಜೈ ಭೀಮ್.